ಮನೆಯ ಕರಾರು

ವಿಜಯಪುರ ಜಿಲ್ಲೆಯ ನಿಡೋಣಿಯಲ್ಲಿ ಗೃಹಸ್ಥನೊಬ್ಬನು ಮಣ್ಣಿನ ಮಾಳಿಗೆಯನ್ನು ತೆಗೆಸಿ ಕಾಂಕ್ರೀಟಿನ ಚಾವಣಿ ಹಾಕಿಸಿದನೆಂದು ಭಾವಿಸೋಣ. ಕೆಲಸದ ಲೋಪದಿಂದ ಅದು ಮೊದಲ ಮಳೆಗೇ ಸೋರಿದರೆ ಅವನಿಗೆ ಗತಿಯೇನು?

ಕರಾರಿಗೆ ತಪ್ಪಿದವನು ನಷ್ಟವನ್ನು ತುಂಬಿಕೊಡಬೇಕೆಂದು 1872ರ ಭಾರತೀಯ ಕರಾರು ಅಧಿನಿಯಮವು ವಿಧಿಸುತ್ತದೆ. ಮನೆ ಕಟ್ಟಿಕೊಡುವುದೂ ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ತೀರ್ಪಿತ್ತಿತು. ಆದುದರಿಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಆ ಗೃಹಸ್ಥನು ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.

ಹಕ್ಕಿನೊಡನೆ ಕರ್ತವ್ಯವೂ ಉಂಟು. ಒಪ್ಪಿದಂತೆ ಕೆಲಸ ಮುಗಿಸಿದ ಗುತ್ತಿಗೆದಾರನಿಗೆ ಹಣ ಕೊಡದಿದ್ದರೆ ಮನೆಯೊಡೆಯನೇ ಕರಾರು ಮುರಿದವನಾಗುತ್ತಾನೆ. ಅವನ ಮೇಲೂ ದಾವೆ ಹೂಡಬಹುದು.

ಬಾಯಿಮಾತಿನ ಕರಾರೂ ಸಿಂಧುವೇ. ಆದರೆ ಅದನ್ನು ರುಜುವಾತುಪಡಿಸುವುದು ಕಷ್ಟ. ಕೆಲಸದ ವಿವರ, ಸಿಮೆಂಟು ಕಬ್ಬಿಣಗಳ ಗುಣ, ಗಡುವು, ಹಣದ ಕಂತು ಇವೆಲ್ಲವನ್ನೂ ಬರೆದು ಇಬ್ಬರೂ ಸಹಿ ಮಾಡಬೇಕು. ಆ ಒಂದು ಹಾಳೆ ಇಬ್ಬರ ವಿಶ್ವಾಸವನ್ನೂ ಕಾಯುತ್ತದೆ.