ಬಿಗಿದ ನಟ್ಟೂ ಬಿಡಿಸುವ ಯುಕ್ತಿಯೂ



ನಮ್ಮ ಮುಂಬಯಿಯು ಸಮುದ್ರದ ಮಗ್ಗುಲಲ್ಲಿರುವ ನಗರ. ಇಲ್ಲಿಯ ಗಾಳಿಯಲ್ಲಿ ತೇವವೂ ಉಪ್ಪಿನ ಅಂಶವೂ ಬೆರೆತಿರುವುದರಿಂದ ಕಬ್ಬಿಣದ ವಸ್ತುಗಳು ಬಹುಕಾಲ ಹೊಳಪಿನಿಂದಿರಲಾರವು. ಮಳೆಗಾಲ ಮುಗಿಯುವಷ್ಟರಲ್ಲಿ ಕಿಟಕಿಯ ಅಗುಳಿ ಸರಿಯದು. ಸೈಕಲಿನ ನಟ್ಟು ತಿರುಗದು. ಬೀಗದೊಳಗೆ ಕೀಲಿಕೈ ಹೊರಳದು. ಆಗ ಮನೆಯಲ್ಲಿ ಒಬ್ಬರು ಸುತ್ತಿಗೆಯನ್ನು ಹುಡುಕುತ್ತಾರೆ. ಇನ್ನೊಬ್ಬರು ಸೀಸೆಯಲ್ಲಿ ಪೆಟ್ರೋಲು ತರುತ್ತಾರೆ. ಮೊದಲನೆಯದರಿಂದ ವಸ್ತು ಕೆಟ್ಟೀತು. ಎರಡನೆಯದರಿಂದ ಮನೆಯೇ ಸುಟ್ಟೀತು. ನಿಮ್ಮಲ್ಲಿ ಕೆಲವರ ಹಿರಿಯರು ಗ್ಯಾರೇಜುಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವವರು. ನಾಳೆ ನೀವೂ ಅಂತಹ ಕೆಲಸಕ್ಕೆ ಕೈಯಿಡಬಹುದು. ಆದುದರಿಂದ ಬಿಗಿದುದನ್ನು ಬಿಡಿಸುವ ಬಗೆಯನ್ನೂ, ಅದಕ್ಕೆ ಬಳಸುವ ದ್ರವಗಳ ಸ್ವಭಾವವನ್ನೂ ಈ ಪಾಠದಲ್ಲಿ ವಿಚಾರಿಸೋಣ.

ಬಿಗಿಯುವುದೇಕೆ?

ಕಬ್ಬಿಣವು ನೀರಿನೊಡನೆಯೂ ಗಾಳಿಯ ಆಮ್ಲಜನಕದೊಡನೆಯೂ ಸೇರಿ ತುಕ್ಕಾಗಿ ಮಾರ್ಪಡುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಇನ್ನೂ ತ್ವರಿತಗೊಳ್ಳುತ್ತದೆ. ಹೀಗೆ ಹುಟ್ಟಿದ ತುಕ್ಕು, ತನಗೆ ಜನ್ಮವಿತ್ತ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಸ್ಥಳವನ್ನು ಬೇಡುತ್ತದೆ. ನಟ್ಟಿನ ಸುರುಳಿಗೂ ಬೋಲ್ಟಿನ ಸುರುಳಿಗೂ ನಡುವೆ ಇರುವುದು ಕೂದಲೆಳೆಯಷ್ಟು ಎಡೆ. ತುಕ್ಕು ಆ ಎಡೆಯನ್ನು ತುಂಬಿ, ಬೆಣೆ ಹೊಡೆದಂತೆ ಎರಡನ್ನೂ ಬಿಗಿದುಬಿಡುತ್ತದೆ.

ಎರಡು ಬೇರೆ ಬೇರೆ ಲೋಹಗಳು ಕೂಡಿದಲ್ಲಿ ಇನ್ನೊಂದು ತೊಡಕು. ಇಟಲಿಯ ವಿಜ್ಞಾನಿ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟನ್ನಿಟ್ಟು, ವಿದ್ಯುತ್ತು ಹುಟ್ಟುವುದನ್ನು 1800ರಲ್ಲಿ ಲೋಕಕ್ಕೆ ತಿಳಿಸಿದನು. ವಾಹನದ ಅಲ್ಯುಮಿನಿಯಮ್ ತಗಡಿಗೆ ಉಕ್ಕಿನ ತಿರುಪನ್ನು ಹಾಕಿ, ಅಲ್ಲಿ ಉಪ್ಪುನೀರು ನಿಂತಿತೆಂದರೆ ಅದೇ ಬಗೆಯ ಪುಟ್ಟ ವಿದ್ಯುತ್ಕೋಶವೊಂದು ತಾನಾಗಿ ಹುಟ್ಟುತ್ತದೆ. ಅಲ್ಯುಮಿನಿಯಮ್ ಸವೆದು, ಬಿಳಿಯ ಪುಡಿಯಾಗಿ ತಿರುಪನ್ನು ಕಚ್ಚಿ ಹಿಡಿಯುತ್ತದೆ. ಯುರೋಪು, ಅಮೆರಿಕಗಳಲ್ಲಿ ಅಡಿಗೆ, ಹಾಸಿಗೆಗಳ ಸಮೇತ ಪ್ರವಾಸ ಮಾಡಲು ಬಳಸುವ ಮೋಟಾರುಮನೆಗಳಿಗೂ, ನಮ್ಮ ಕಡಲ ತೀರದ ದೋಣಿ, ಬಸ್ಸುಗಳಿಗೂ ಇದು ಸಮಾನವಾದ ಪೀಡೆ.

ಬಿಡಿಸುವ ಕ್ರಮ

ಶಕ್ತಿಗಿಂತ ಯುಕ್ತಿ ಮೇಲೆಂಬ ಮಾತು ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಮೊದಲು ತಂತಿಯ ಬ್ರಷ್ಷಿನಿಂದ ಸುರುಳಿಗಳ ಮೇಲಿನ ತುಕ್ಕನ್ನೂ ಕೊಳೆಯನ್ನೂ ಉಜ್ಜಿ ತೆಗೆಯಬೇಕು. ಬಳಿಕ ತಿರುಗಿಸಬೇಕಾದ ದಿಕ್ಕನ್ನು ನಿಶ್ಚಯಿಸಿಕೊಳ್ಳಬೇಕು. ಸಾಮಾನ್ಯವಾಗಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ನಟ್ಟು ಸಡಿಲವಾಗುತ್ತದೆ. ಆದರೆ ಸೈಕಲಿನ ಎಡಗಡೆಯ ಪೆಡಲಿಗೆ ವಿರುದ್ಧ ಸುರುಳಿಯಿರುತ್ತದೆ. ಇದನ್ನರಿಯದವನು ಬಿಚ್ಚುತ್ತಿರುವೆನೆಂದು ಭಾವಿಸಿ ಅದನ್ನು ಇನ್ನಷ್ಟು ಬಿಗಿಯುತ್ತಾನೆ!

ಎಣ್ಣೆಯನ್ನು ಮುಟ್ಟುವ ಮೊದಲು ಬಿಸಿನೀರನ್ನು ಪ್ರಯೋಗಿಸಿ ನೋಡಬಹುದು. ಕಾವಿಗೆ ಲೋಹಗಳು ಹಿಗ್ಗುತ್ತವೆ. ಅಲ್ಯುಮಿನಿಯಮ್ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಉಪ್ಪಿನಕಾಯಿ ಭರಣಿಯ ಲೋಹದ ಮುಚ್ಚಳಕ್ಕೆ ಬಿಸಿನೀರು ಸೋಕಿಸಿದೊಡನೆ ಅದು ಸಡಿಲಗೊಳ್ಳುವುದನ್ನು ನೀವು ಕಂಡಿರಬಹುದು. ಬೆಂಕಿಯ ಜ್ವಾಲೆಯಿಂದ ಕಾಯಿಸುವುದು ನುರಿತ ಕುಶಲಿಗರ ಕೆಲಸ. ಮಕ್ಕಳು ಅದಕ್ಕೆ ಕೈಹಾಕಕೂಡದು.

ಇದರಿಂದ ಫಲ ಸಿಗದಿದ್ದರೆ ತೆಳುವಾದ ಎಣ್ಣೆಯ ಸರದಿ. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಮೇಲೇರುವಂತೆ, ತೆಳುವಾದ ದ್ರವವು ಸಣ್ಣ ಎಡೆಗಳೊಳಗೆ ತಾನಾಗಿ ಇಳಿಯುತ್ತದೆ. ಕೊಬ್ಬರಿ ಎಣ್ಣೆಯೂ ಗ್ರೀಸೂ ಮಂದವಾದುದರಿಂದ ಅಷ್ಟು ಒಳಗೆ ಹೋಗಲಾರವು. ಇದಕ್ಕೆಂದೇ ತಯಾರಿಸಿದ ಎಣ್ಣೆಗಳು ಪೇಟೆಯಲ್ಲಿವೆ. ಅವುಗಳಲ್ಲಿ ಪ್ರಸಿದ್ಧವಾದ ಡಬ್ಲ್ಯು ಡಿ-40 ಎಂಬುದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಹುಟ್ಟಿತು. ನೀರನ್ನು ಹೊರದೂಡಿ ತುಕ್ಕನ್ನು ತಡೆಯುವ ದ್ರವಕ್ಕಾಗಿ ನಡೆದ ಯತ್ನಗಳಲ್ಲಿ ನಾಲ್ವತ್ತನೆಯದು ಸಫಲವಾಯಿತೆಂಬುದನ್ನು ಆ ಹೆಸರಿನ ಅಂಕೆಯೇ ಸಾರುತ್ತದೆ. ಕೆಲವೇ ಹನಿಗಳನ್ನು ಹಾಕಿ, ಮೆಲ್ಲನೆ ನಾಲ್ಕಾರು ಬಾರಿ ತಟ್ಟಿ, ಒಂದು ರಾತ್ರಿ ಹಾಗೆಯೇ ಬಿಡಿರಿ. ತಟ್ಟುವುದರಿಂದ ತುಕ್ಕಿನ ಪದರ ಬಿರುಕುಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸೈಕಲಿನ ಬ್ರೇಕಿನ ರಬ್ಬರಿಗಾಗಲಿ, ಅದು ಹಿಡಿಯುವ ಗಾಲಿಯ ಅಂಚಿಗಾಗಲಿ ಎಣ್ಣೆ ತಾಗಲೇಬಾರದು. ತಾಗಿದರೆ ಬ್ರೇಕು ಜಾರಿ ಪ್ರಾಣಕ್ಕೇ ಕುತ್ತು.

ಮರುದಿನ ನಟ್ಟಿಗೆ ಸರಿಹೊಂದುವ ಪಾನಾವನ್ನೇ ಹಿಡಿಯಬೇಕು. ಅಳತೆ ತಪ್ಪಿದ ಪಾನಾ ನಟ್ಟಿನ ಮೂಲೆಗಳನ್ನು ಸವೆಸಿ ಉರುಟಾಗಿಸುತ್ತದೆ. ಒಂದೇ ಬಲವನ್ನು ಪ್ರಯೋಗಿಸಿದರೂ 20 ಸೆಂಟಿಮೀಟರಿನ ಪಾನಾಕ್ಕಿಂತ 40 ಸೆಂಟಿಮೀಟರಿನದು ಇಮ್ಮಡಿಯಾಗಿ ತಿರುಚುತ್ತದೆ. ಇದೇ ಸನ್ನೆಯ ತತ್ತ್ವ. ಆದರೆ ಅದೇ ತತ್ತ್ವದಿಂದ ಬೋಲ್ಟಿನ ಕತ್ತೂ ಮುರಿಯಬಹುದು. ಆದುದರಿಂದ ಮೊದಲು ತುಸು ಬಿಗಿಯುವ ದಿಕ್ಕಿಗೆ ಅಲುಗಿಸಿ, ಅನಂತರ ಸಡಿಲಿಸಿ, ಹೀಗೆ ಹಿಂದೆ ಮುಂದೆ ಆಡಿಸುತ್ತ ಬಿಡಿಸಬೇಕು. ತಿರುಗದಿದ್ದರೆ ಮತ್ತೆ ಎಣ್ಣೆ ಹಾಕಿ ಇನ್ನೊಂದು ದಿನ ಕಾಯಬೇಕು. ಅಡಿಗೆ ಅನಿಲದ ಕೊಳವೆಯ ಯಾವ ಜೋಡಣೆಯನ್ನೂ ಮಾತ್ರ ನೀವಾಗಿ ಬಿಚ್ಚಕೂಡದು.

ದ್ರಾವಕಗಳ ಸ್ವಭಾವ

ಎಣ್ಣೆ, ಜಿಡ್ಡು, ಬಣ್ಣಗಳನ್ನು ಕರಗಿಸುವ ದ್ರವಗಳನ್ನು ದ್ರಾವಕಗಳೆನ್ನುತ್ತೇವೆ. ಊರಿನಲ್ಲಿ ಚಿಮಣಿ ಎಣ್ಣೆಯೆಂದೂ ಮುಂಬಯಿಯಲ್ಲಿ ರಾಕೇಲೆಂದೂ ಹೆಸರಾದ ಸೀಮೆಎಣ್ಣೆ, ಟರ್ಪೆಂಟೈನು, ಥಿನ್ನರು, ಪೆಟ್ರೋಲು ಇವೆಲ್ಲ ಈ ಜಾತಿಯವು. ಇವುಗಳಲ್ಲಿ ಹೊತ್ತಿಕೊಳ್ಳುವುದು ದ್ರವವಲ್ಲ, ಅದರಿಂದೇಳುವ ಆವಿ. ಕಿಡಿ ತಾಗಿದೊಡನೆ ಹೊತ್ತಿಕೊಳ್ಳಲು ಸಾಕಾಗುವಷ್ಟು ಆವಿಯು ಸೀಮೆಎಣ್ಣೆಯಿಂದ ಏಳಬೇಕಾದರೆ ಅದರ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿರಬೇಕು. ಪೆಟ್ರೋಲಿಗಾದರೋ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅಷ್ಟು ಆವಿ ಏಳುತ್ತದೆ. ಎಂದರೆ ನಮ್ಮ ನಗರದಲ್ಲಿ ಪೆಟ್ರೋಲು ವರ್ಷದ ಯಾವ ದಿನವಾದರೂ ಕಿಡಿಯೊಂದಕ್ಕಾಗಿ ಕಾದು ಕುಳಿತಿರುತ್ತದೆ. ಅದರಿಂದ ವಸ್ತುಗಳನ್ನು ತೊಳೆಯಲೇಕೂಡದು. ಕೆಲವು ಥಿನ್ನರುಗಳೂ ಇಷ್ಟೇ ಅಪಾಯಕಾರಿ.

ಈ ಆವಿಯು ಗಾಳಿಗಿಂತ ಭಾರವಾದುದು. ಅದು ಮೇಲೇರಿ ಚದುರದೆ, ಕಣ್ಣಿಗೆ ಕಾಣದೆ ನೆಲದ ಮೇಲೆ ತೆವಳುತ್ತದೆ. ಹೊಸ್ತಿಲಿನ ಬಳಿ ತೊಳೆಯುವ ಕೆಲಸ ನಡೆದರೂ ಒಳಗಿನ ಒಲೆಯವರೆಗೆ ಅದು ಸಾಗಬಲ್ಲದು. ಮೋಟಾರುಮನೆಯಲ್ಲಿ ಒಲೆಯೂ ಹಾಸಿಗೆಯೂ ಒಂದೇ ಇಕ್ಕಟ್ಟಿನಲ್ಲಿರುವುದರಿಂದ ಅಲ್ಲಿ ಈ ಭಯ ಹೆಚ್ಚು. ಅಡಿಗೆ, ಓದು, ನಿದ್ರೆ ಎಲ್ಲವೂ ಒಂದೇ ಕೋಣೆಯಲ್ಲಿ ನಡೆಯುವ ನಮ್ಮ ಚಾಳುಗಳಲ್ಲಿಯೂ ಅದು ಅಷ್ಟೇ ಹೆಚ್ಚು.

ನೆನಪಿನಲ್ಲಿಡಬೇಕಾದ ನಿಯಮಗಳು

1. ದ್ರಾವಕದ ಕೆಲಸವನ್ನು ಹಿರಿಯರ ಸಮ್ಮುಖದಲ್ಲಿ, ಬಯಲಿನಲ್ಲಿ, ಒಲೆ, ಬೀಡಿ, ವಿದ್ಯುತ್ತಿನ ಕಿಡಿಗಳಿಂದ ದೂರದಲ್ಲಿ ಮಾಡಬೇಕು.

2. ಎಣ್ಣೆ ಅಥವಾ ದ್ರಾವಕ ಸೋಕಿದ ಭಾಗವನ್ನು ಬೆಂಕಿಯಿಂದ ಕಾಯಿಸಕೂಡದು.

3. ಶರಬತ್ತಿನ ಅಥವಾ ನೀರಿನ ಬಾಟಲಿಯಲ್ಲಿ ದ್ರಾವಕವನ್ನು ಎಂದಿಗೂ ತುಂಬಿಡಬಾರದು. ಪುಟ್ಟ ಮಕ್ಕಳು ಅದನ್ನು ನೀರೆಂದು ಕುಡಿಯುತ್ತಾರೆ. ಹಾಗಾದಲ್ಲಿ ವಾಂತಿ ಮಾಡಿಸಬಾರದು; ವಾಂತಿಯಾಗುವಾಗ ದ್ರವವು ಶ್ವಾಸಕೋಶವನ್ನು ಹೊಕ್ಕು ಹೆಚ್ಚು ಹಾನಿ ಮಾಡುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾಟಲಿಯನ್ನೂ ವೈದ್ಯರಿಗೆ ತೋರಿಸಬೇಕು.

4. ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ 15 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಕೈಗೆ ತಾಗಿದುದನ್ನು ಸಾಬೂನಿನಿಂದ ತೊಳೆಯಬೇಕು. ತಲೆ ಸುತ್ತಿದರೆ ಕೂಡಲೆ ಗಾಳಿಯಾಡುವಲ್ಲಿಗೆ ಹೋಗಬೇಕು.

5. ಒತ್ತಡದ ಡಬ್ಬಿಯನ್ನು ಬಿಸಿಲಿನಲ್ಲಿಡಬಾರದು. ಖಾಲಿಯಾದರೂ ಚುಚ್ಚಬಾರದು, ಬೆಂಕಿಗೆ ಎಸೆಯಬಾರದು.

6. ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಹತ್ತಿದ ಬಟ್ಟೆ ಕಿಡಿಯಿಲ್ಲದೆಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಹರಡಿ ಒಣಗಿಸಬೇಕು.

7. ಉಳಿದ ದ್ರಾವಕವನ್ನು ಗಟಾರಕ್ಕೆ ಸುರಿಯಬಾರದು. ಅದರ ಆವಿ ಅಲ್ಲಿಯೂ ಹೊತ್ತಿಕೊಳ್ಳಬಹುದು. ದ್ರವವು ಕೊನೆಗೆ ಖಾಡಿಯನ್ನೂ ಸಮುದ್ರವನ್ನೂ ಸೇರುತ್ತದೆ.

8. ಬೆಂಕಿ ಹತ್ತಿದರೆ ಉರಿಯುವ ಎಣ್ಣೆಯ ಮೇಲೆ ನೀರು ಸುರಿಯಬಾರದು. ಎಣ್ಣೆ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಎಲ್ಲರನ್ನೂ ಹೊರಗೆ ಕರೆದು, ಅಗ್ನಿಶಾಮಕ ದಳಕ್ಕೆ 101ರಲ್ಲಿ ತಿಳಿಸಬೇಕು.

ಬಿಡಿಸಿದ ನಟ್ಟನ್ನು ಮರಳಿ ಹಾಕುವಾಗ ಸುರುಳಿಗೆ ತುಸು ಗ್ರೀಸು ಸವರಿರಿ; ಮುಂದಿನ ಮಳೆಗಾಲದ ಅರ್ಧ ಕಷ್ಟ ಅಲ್ಲಿಗೇ ತಪ್ಪುವುದು. ನಟ್ಟೊಂದು ಎರಡು ದಿನ ತಡವಾಗಿ ಬಿಟ್ಟಿತೆಂದರೆ ಯಾರಿಗೂ ನಷ್ಟವಿಲ್ಲ. ಬೇಕಾದರೆ ಹೊಸ ಬೋಲ್ಟನ್ನು ಕೊಂಡುತರಬಹುದು. ಸುಟ್ಟ ಕೈಯನ್ನಾಗಲಿ, ಕಳೆದುಕೊಂಡ ಕಣ್ಣನ್ನಾಗಲಿ ಯಾವ ಪೇಟೆಯಿಂದಲೂ ತರುವಂತಿಲ್ಲ. ಎಣ್ಣೆಗೆ ಕೆಲಸ ಮಾಡಲು ವೇಳೆ ಕೊಡುವುದನ್ನೂ, ಅದರ ಆವಿಯಿಂದ ಬೆಂಕಿಯನ್ನು ದೂರವಿಡುವುದನ್ನೂ ಕಲಿತವನೇ ಒಳ್ಳೆಯ ಕುಶಲಿಗ.