ಕೆನೆಯ ಬಾಟಲಿ, ರಾತ್ರಿಯ ಕಾಫಿ

ಈ ಸಲದ ಅಂಚೆಯಲ್ಲಿ ಒಂದೇ ವಿಷಯಕ್ಕೆ ನಾಲ್ಕು ಪತ್ರಗಳಿವೆ. ರಜೆಗೆ ಬಂದ ಮಕ್ಕಳು ಕ್ರೀಮ್ ಲಿಕ್ಯೂರ್ (ಹಾಲಿನ ಕೆನೆ, ಸಕ್ಕರೆ, ವಿಸ್ಕಿ ಸೇರಿದ ಸಿಹಿ ಮದ್ಯ) ತಂದಿಟ್ಟು ಹೋಗಿದ್ದಾರೆ. ಊಟವಾದ ಮೇಲಿನ ಕಾಫಿಗೆ ಅದು ಮೆಲ್ಲಗೆ ಇಳಿಯತೊಡಗಿದೆ. ಬೇಕೋ ಬೇಡವೋ ಎಂಬುದು ಆಯಾ ಮನೆಯವರ ತೀರ್ಮಾನ. ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತೇನೆ.

ಪ್ರಶ್ನೆ: ಮಗ ಡಬ್ಲಿನ್‌ನಿಂದ ಬೇಲೀಸ್ ಎಂಬ ಕ್ರೀಮ್ ಲಿಕ್ಯೂರ್ ತಂದಿದ್ದ. ಊಟ ಮುಗಿಸಿ ಬಿಸಿಬಿಸಿ ಕಾಫಿಗೆ ಎರಡು ಚಮಚ ಹಾಕಿದೆ. ತಕ್ಷಣ ಒಡೆದ ಹಾಲಿನಂತೆ ಚೂರುಚೂರಾಯಿತು. ಅರ್ಧ ಕುಡಿದೂ ಆಗಿತ್ತು. ಬಾಟಲಿ ಕೆಟ್ಟಿದೆಯೇ? ಹೊಟ್ಟೆಗೆ ಅಪಾಯವೇ? — ಸಾಗರದ ಓದುಗರು

ಉತ್ತರ: ಕುಡಿದದ್ದು ವಿಷವಾಗಿಲ್ಲ, ಮೊದಲು ಆ ಚಿಂತೆ ಬಿಡಿ. ಲೋಟದಲ್ಲಿ ಒಡೆದದ್ದು ನೋಡಲು ಚೆನ್ನಾಗಿರುವುದಿಲ್ಲ, ಬಾಯಿಗೆ ಮರಳು ಮರಳಾಗಿ ಸಿಗುತ್ತದೆ, ಅಷ್ಟೆ. ಬಾಟಲಿಯಲ್ಲಿರುವುದು ನಯವಾಗಿ ಸುರಿಯುತ್ತಿದ್ದು, ಹುಳಿ ವಾಸನೆ ಇಲ್ಲದಿದ್ದರೆ ಅದು ಕೆಟ್ಟಿಲ್ಲ. ಬಾಟಲಿಯೊಳಗೇ ಗಂಟು ಕಟ್ಟಿದ್ದರೆ ಮಾತ್ರ ಯೋಚನೆ ಮಾಡದೆ ಚೆಲ್ಲಿಬಿಡಿ.

ಒಡೆದದ್ದೇಕೆ ಎಂಬುದು ನಿಮ್ಮ ಕಡೆಯವರಿಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ. ಜೋನಿಬೆಲ್ಲ ಹಾಕಿದ ಕಾಫಿಗೆ ಕುದಿಯುವ ಹಾಲು ಸುರಿದರೆ ಏನಾಗುತ್ತದೆಂದು ಸಾಗರದ ಯಾವ ಅಜ್ಜಿಯನ್ನು ಕೇಳಿದರೂ ಗೊತ್ತು. ಬೆಲ್ಲದ ಹುಳಿಯಂಶವೂ ಬೆಂಕಿಯ ಬಿಸಿಯೂ ಒಟ್ಟಿಗೆ ಸಿಕ್ಕಿದಾಗ ಹಾಲು ತಡೆಯುವುದಿಲ್ಲ. ಇಲ್ಲೂ ಅದೇ ಕಥೆ. ಕಾಫಿ ಸ್ವಭಾವತಃ ಸ್ವಲ್ಪ ಹುಳಿ. ಬೆಳಿಗ್ಗೆಯ ಡಿಕಾಕ್ಷನ್ ರಾತ್ರಿ ಮತ್ತೆ ಕಾಯಿಸಿದರಂತೂ ಹುಳಿ ಇನ್ನೂ ಏರಿರುತ್ತದೆ. ನಿಮ್ಮ ಪತ್ರದ ಕೊನೆಯಲ್ಲಿ 'ಮಿಕ್ಕಿದ ಡಿಕಾಕ್ಷನ್' ಎಂದು ಬರೆದಿದ್ದೀರಿ, ನನ್ನ ಗುಮಾನಿ ಅದರ ಮೇಲೇ.

ಕೆನೆಯೂ ವಿಸ್ಕಿಯೂ ಸಹಜವಾಗಿ ಹೊಂದಿಕೊಳ್ಳುವ ಜೋಡಿಯಲ್ಲ. 1974ರಲ್ಲಿ ಐರ್ಲೆಂಡಿನವರು ಬೇಲೀಸನ್ನು ಮಾರುಕಟ್ಟೆಗೆ ತಂದಾಗ ಅವರು ಗೆದ್ದದ್ದು ಈ ಜಗಳವನ್ನೇ. ಕೆನೆಯ ಕೊಬ್ಬನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು, ಎಮಲ್ಷನ್ (ಕೊಬ್ಬಿನ ಹನಿಗಳು ನೀರಿನಲ್ಲಿ ಬೇರೆಯಾಗದೆ ತೇಲಿ ನಿಂತ ಸ್ಥಿತಿ) ಮಾಡಿ ನಿಲ್ಲಿಸುತ್ತಾರೆ. ಹಾಲಿನದೇ ಕೇಸೀನ್ (ಹಾಲು ಒಡೆದಾಗ ಗಟ್ಟಿಯಾಗುವ ಸಸಾರಜನಕ) ಆ ಹನಿಗಳನ್ನು ಹಿಡಿದಿಟ್ಟಿರುತ್ತದೆ. ಹುಳಿ ತಾಗಿದರೆ ಆ ಹಿಡಿತ ಸಡಿಲುತ್ತದೆ.

ಮುಂದಿನ ಸಲ ಹೀಗೆ ಮಾಡಿ. ಡಿಕಾಕ್ಷನ್ ಹೊಸದಾಗಿ ಇಳಿಸಿ. ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಮೂರು ನಾಲ್ಕು ಸಲ ಎತ್ತಿ ಹೊಯ್ದು, ತುಟಿಗೆ ಹಿತವಾಗುವಷ್ಟು ಆರಿಸಿ. ಇನ್ನೊಂದು ಲೋಟಕ್ಕೆ ಮೊದಲು ಲಿಕ್ಯೂರ್ ಹಾಕಿ, ಅದರ ಮೇಲೆ ಕಾಫಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಕಲಕಿ. ಫ್ರಿಜ್‌ನಿಂದ ತೆಗೆದ ತಣ್ಣನೆಯದನ್ನು ನೇರ ಹಾಕಬೇಡಿ. ಬೆಲ್ಲ ಬೇಡವೇ ಬೇಡ, ಸಕ್ಕರೆಯೂ ಬೇಕಾಗುವುದಿಲ್ಲ.

ಬಾಟಲಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದೀರಂತೆ. ಅಲ್ಲಿಂದ ಇಳಿಸಿ. ಬಿಸಿ ತಾಗದ ಜಾಗವಾಗಬೇಕು, 25 ಡಿಗ್ರಿ ಮೀರಬಾರದು. ನಮ್ಮ ಬೇಸಿಗೆಗೆ ಫ್ರಿಜ್ಜೇ ವಾಸಿ. ಸರಿಯಾಗಿಟ್ಟರೆ ತಯಾರಾದ ದಿನದಿಂದ ಎರಡು ವರ್ಷ ರುಚಿ ಕೆಡುವುದಿಲ್ಲ ಎಂದು ತಯಾರಕರು ಹೇಳುತ್ತಾರೆ. ಸಾರಾಯಿ ಹಳೆಯದಾದಷ್ಟೂ ಒಳ್ಳೆಯದು ಎಂಬ ಮಾತು ಇದಕ್ಕೆ ಹೊಂದುವುದಿಲ್ಲ. ಇಡುವ ವಿಷಯದಲ್ಲಿ ಇದನ್ನು ಹಾಲೆಂದೇ ತಿಳಿಯಿರಿ.

ಪ್ರಶ್ನೆ: ನಮ್ಮದು ಸಂಪ್ರದಾಯಸ್ಥರ ಮನೆ. ತಂಗಿ ಬೆಂಗಳೂರಿನಿಂದ ತಂದ ಬಾಟಲಿಯನ್ನು ಚಾಕೊಲೇಟ್ ಹಾಲೆಂದುಕೊಂಡು 79 ವರ್ಷದ ಅತ್ತೆಯವರ ಕಾಫಿಗೂ ಎರಡು ಟೀ ಚಮಚ ಹಾಕಿಬಿಟ್ಟೆ. "ಇವತ್ತಿನ ಕಾಫಿ ಪಸಂದಾಗಿತ್ತು, ನಾಳೆಯೂ ಹೀಗೇ ಮಾಡು" ಅಂದರು. ಆಮೇಲೆ ಗೊತ್ತಾಗಿ ನನಗೆ ನಿದ್ದೆಯಿಲ್ಲ. ಬಿಸಿ ಕಾಫಿಯಲ್ಲಿ ಮದ್ಯ ಹಾರಿಹೋಗುತ್ತದೆ ಎನ್ನುತ್ತಾಳೆ ತಂಗಿ. ನಿಜವೇ? ಅತ್ತೆಗೆ ಹೇಳಬೇಕೇ? — ಹೊಸನಗರದ ಓದುಗರು

ಉತ್ತರ: ತಿಳಿಯದೆ ಆದದ್ದು. ನಿಮ್ಮ ಅತ್ತೆಯವರ ಮೈಗೆ ಏನೂ ಆಗಿಲ್ಲ. ಲೆಕ್ಕ ಹಾಕೋಣ: ಎರಡು ಟೀ ಚಮಚ ಎಂದರೆ 10 ಮಿ.ಲೀ. ಅದರಲ್ಲಿ ನೂರಕ್ಕೆ 17 ಪಾಲು ಮದ್ಯಸಾರ. ತೂಕದಲ್ಲಿ ಒಂದೂಕಾಲು ಗ್ರಾಮಿನ ಸುತ್ತಮುತ್ತ. ಒಂದು ಸಲಕ್ಕೆ ಇದು ಗಾಬರಿಪಡುವ ಪ್ರಮಾಣವಲ್ಲ.

ತಂಗಿಯ ಮಾತು ಮಾತ್ರ ಸರಿಯಲ್ಲ. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ, ನಿಜ. ಹಾಗೆಂದು ಬಿಸಿ ತಾಗಿದೊಡನೆ ಅದು ಗಂಟುಮೂಟೆ ಕಟ್ಟಿ ಹೊರಡುವುದಿಲ್ಲ, ನೀರಿನೊಂದಿಗೆ ಬೆರೆತು ಅಲ್ಲೇ ಉಳಿಯುತ್ತದೆ. ಕುದಿಯುವ ಪದಾರ್ಥಕ್ಕೆ ಹಾಕಿ ಒಲೆಯಿಂದ ಇಳಿಸಿದರೂ ನೂರಕ್ಕೆ 85ರಷ್ಟು ಉಳಿಯುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ ಹೇಳುತ್ತದೆ. ಆದ್ದರಿಂದ ಮಕ್ಕಳಿಗೆ 'ಒಂದು ಗುಟುಕು' ಕೂಡ ಬೇಡ. ಬಾಟಲಿ ಬೋರ್ನ್‌ವಿಟಾ ಡಬ್ಬಿಯ ಪಕ್ಕದಲ್ಲಿ ಇರುವುದಂತೂ ಬೇಡ.

ಅತ್ತೆಯವರು ರಾತ್ರಿ ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರೆಂದು ಬರೆದಿದ್ದೀರಿ. ನನ್ನ ಚಿಂತೆ ಅದು. ಮಾತ್ರೆಯೂ ಮದ್ಯವೂ ಒಂದಕ್ಕೊಂದು ಬಲ ಕೊಡುತ್ತವೆ. ನಡುರಾತ್ರಿ ಎದ್ದು, ಹಿತ್ತಿಲ ಬಾಗಿಲಿನ ಮೆಟ್ಟಿಲಿಳಿದು ಬಚ್ಚಲಿಗೆ ಹೋಗುವ ಹಳೆಯ ಮನೆಗಳಲ್ಲಿ ತಲೆ ಸ್ವಲ್ಪ ಮಂಕಾದರೂ ಸಾಕು, ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ್ದೇನೆ. ಆದ್ದರಿಂದ ನಾಳೆ 'ಹೀಗೇ' ಮಾಡಬೇಡಿ.

ಹೇಳಬೇಕೇ ಎಂದು ಕೇಳಿದಿರಿ. ಹೇಳಿ ಎಂಬುದೇ ನನ್ನ ಅಭಿಪ್ರಾಯ. ವ್ರತ ಅವರದು, ಅದರಲ್ಲಿ ಏನಾಯಿತೆಂದು ತಿಳಿಯುವ ಹಕ್ಕೂ ಅವರದು. ನಾಲ್ಕು ಜನರ ಮುಂದೆ ಬೇಡ. ಬತ್ತಿ ಹೊಸೆಯುತ್ತಲೋ ವೀಳ್ಯದೆಲೆ ಒರೆಸುತ್ತಲೋ ಕೂತಿರುವಾಗ ಪಕ್ಕ ಕೂತು, "ಅತ್ತೆ, ನನ್ನಿಂದ ಹೀಗಾಯ್ತು" ಎಂದುಬಿಡಿ. ಒಂದು ಉಪವಾಸ ಮಾಡುತ್ತಾರೋ, ನಕ್ಕು ಸುಮ್ಮನಾಗುತ್ತಾರೋ, ಅವರಿಗೆ ಬಿಡಿ. ಬೇರೆ ಯಾರಿಂದಲಾದರೂ ತಿಳಿದರೆ ನೋವು ಹೆಚ್ಚು.

ಪ್ರಶ್ನೆ: ಯಜಮಾನರಿಗೆ 61. ನಿವೃತ್ತರು. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯಿದೆ, ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ನಡೆಯುತ್ತಿದೆ. ಅಳಿಯ ಕೊಟ್ಟ ಬಾಟಲಿಯಿಂದ ಮೊದಲು ಒಂದು ಚಮಚ ಹಾಕಿಕೊಳ್ಳುತ್ತಿದ್ದರು. ಈಗ ದಿನವೂ ಅರ್ಧ ಲೋಟ ಅದು, ಅರ್ಧ ಲೋಟ ಕಾಫಿ. "ಇದು ಕುಡಿತವೇನೇ, ಹೆಂಗಸರು ಕುಡಿಯೋ ಪಾನಕ" ಎನ್ನುತ್ತಾರೆ. ನಾನು ಸುಮ್ಮನೆ ಹೆದರುತ್ತಿದ್ದೇನೆಯೇ? — ತೀರ್ಥಹಳ್ಳಿಯ ಓದುಗರು

ಉತ್ತರ: ನೀವು ಸುಮ್ಮನೆ ಹೆದರುತ್ತಿಲ್ಲ. ನಿಮ್ಮ ಹೆದರಿಕೆಗೆ ಕಾರಣವಿದೆ, ಪರಿಹಾರವೂ ಇದೆ.

ಅವರು ಕೆಟ್ಟವರಾಗಿಬಿಟ್ಟರು ಎಂದುಕೊಳ್ಳಬೇಡಿ. ಈ ಪಾನೀಯದ ಮೋಸವೇ ಅದರ ರುಚಿಯಲ್ಲಿದೆ. ವಿಸ್ಕಿ ಗಂಟಲು ಸುಟ್ಟು ತಾನು ಯಾರೆಂದು ಹೇಳುತ್ತದೆ. ಇದು ಪಾಯಸದಂತೆ ಇಳಿಯುತ್ತದೆ.

ಒಂದು ಸಂಜೆ ಕೆಮ್ಮಿನ ಸಿರಪ್ಪಿನ ಮುಚ್ಚಳ ತೊಳೆದು, ಅವರ ಕೈಯಲ್ಲೇ ಅಳೆಸಿ. 15 ಮಿ.ಲೀ. ಗೆರೆಯವರೆಗೆ ತುಂಬಿ ಲೋಟಕ್ಕೆ ಸುರಿಯುತ್ತಾ ಹೋಗಲಿ. ಮನೆಯ ಸ್ಟೀಲು ಲೋಟ ಅರ್ಧವಾಗಲು ಆರು ಮುಚ್ಚಳ ಬೇಕಾಗಬಹುದು. ಅಂದರೆ 90 ಮಿ.ಲೀ., ಅದರಲ್ಲಿ ಸುಮಾರು 12 ಗ್ರಾಂ ಮದ್ಯಸಾರ. ಅಂಗಡಿಯ 30 ಮಿ.ಲೀ. ಸಣ್ಣ ಪೆಗ್ ವಿಸ್ಕಿಯಲ್ಲಿ ಇರುವುದು 10 ಗ್ರಾಂ. 'ಪಾನಕ'ವೇ ಪೆಗ್ಗಿಗಿಂತ ಮುಂದಿದೆ! ಜೊತೆಗೆ ನಾಲ್ಕು ಟೀ ಚಮಚದಷ್ಟು ಸಕ್ಕರೆ, ಮೇಲೆ ಕೆನೆಯ ಕೊಬ್ಬು. ನೀವು ಹತ್ತು ಸಲ ಹೇಳಿದ್ದಕ್ಕಿಂತ ಆ ಆರು ಮುಚ್ಚಳ ಹೆಚ್ಚು ಹೇಳುತ್ತವೆ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಸಂಗತಿ ಇದೆ, ಇದನ್ನು ದಯವಿಟ್ಟು ನೆನಪಿಡಿ. ಕುಡಿದ ಕೂಡಲೇ ರಕ್ತದ ಸಕ್ಕರೆ ಏರುತ್ತದೆ. ಆದರೆ ನಡುರಾತ್ರಿಯ ನಂತರ ಇಳಿಯಬಹುದು. ಹೊಟ್ಟೆ ಖಾಲಿಯಿದ್ದಾಗ ನಮ್ಮ ಯಕೃತ್ತು (ಪಿತ್ತಜನಕಾಂಗ) ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಮದ್ಯ ಆ ಕೆಲಸಕ್ಕೆ ಅಡ್ಡಬರುತ್ತದೆ. ಗ್ಲಿಮೆಪಿರೈಡ್ ಅದೇ ಹೊತ್ತಿಗೆ ಸಕ್ಕರೆಯನ್ನು ಇಳಿಸುತ್ತಿರುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ 'ಅಮಲು' ಎಂದು ಮಲಗಿಸಬೇಡಿ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಮದ್ಯ ಹೆಚ್ಚಾದರೆ ಮೆಟ್‌ಫಾರ್ಮಿನ್ ಕೂಡ ತೊಂದರೆ ಕೊಡಬಲ್ಲದು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಈ ಅರ್ಧ ಲೋಟದ ವಿಷಯವನ್ನು ಮುಚ್ಚಿಡದೆ ಹೇಳಲಿ.

ಎಷ್ಟು ಕುಡಿದರೆ ಕ್ಷೇಮ ಎಂದು ಕೇಳುವವರಿಗೆ, ಪೂರ್ತಿ ನಿರಪಾಯವೆನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನಿಮ್ಮ ಯಜಮಾನರಿಗೆ ಬಿಡುವುದೇ ಮೇಲೆಂದು ನಾನೂ ಹೇಳುತ್ತೇನೆ. ಒಂದು ವಾರ ಬಾಟಲಿ ಮುಟ್ಟದೆ ಇರಲಿ. ಆರಾಮಾಗಿ ಇದ್ದರೆ ಸಂತೋಷ. ಸಿಡುಕು, ಕೈನಡುಕ, ನಿದ್ದೆಗೇಡು ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಊಟದ ಮೇಲೆ ಬಿಸಿಯಾಗಿ ಏನಾದರೂ ಬೇಕೆನಿಸಿದರೆ ಜೀರಿಗೆ, ಕೊತ್ತಂಬರಿ, ಮೆಣಸಿನ ಕಷಾಯ ಇದ್ದೇ ಇದೆ, ಅವರಿಗೆ ಬೆಲ್ಲ ಹಾಕದೆ ಮಾಡಿ. ಒಂಬತ್ತು ಗಂಟೆಗೆ ಕುಡಿದ ಕಾಫಿಯೇ ಅರ್ಧ ನಿದ್ದೆ ಕೆಡಿಸುತ್ತಿರಬಹುದು, ಅದನ್ನೂ ನೋಡಿ.

ಪ್ರಶ್ನೆ: ತೋಟದ ಮನೆಗೆ ಊಟಕ್ಕೆ ಬಂದ ನೆಂಟರಿಗೆ ಇಂಥ ಕಾಫಿ ಕೊಟ್ಟೆವು. ರಾತ್ರಿಯೇ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುತ್ತೇವೆಂದು ಹೊರಟರು. ಕಾಫಿಯಲ್ಲವೇ, ಪರವಾಗಿಲ್ಲ ಅಂದುಕೊಂಡೆವು. ತಪ್ಪಾಯಿತೇ? — ತೀರ್ಥಹಳ್ಳಿಯ ಇನ್ನೊಬ್ಬ ಓದುಗರು

ಉತ್ತರ: ಕ್ಷೇಮವಾಗಿ ತಲುಪಿದರೆಂದು ಬರೆದಿದ್ದೀರಿ, ನನಗೂ ಸಮಾಧಾನ. ಮುಂದಿನ ಸಲಕ್ಕೆ ಹೇಳುತ್ತೇನೆ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮದ್ಯಸಾರ ಮೀರಿದರೆ ಗಾಡಿ ಓಡಿಸುವುದು ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕಾಫಿಯಿಂದ ಕಣ್ಣು ತೆರೆದಿರುತ್ತದೆ, ಮದ್ಯದಿಂದ ನಿಧಾನವಾದ ಕೈಕಾಲು ಮಾತ್ರ ಚುರುಕಾಗುವುದಿಲ್ಲ. ಹದಿನಾಲ್ಕು ತಿರುವು, ಮಳೆ, ಮಂಜು, ಎದುರಿನಿಂದ ಲಾರಿಯ ದೀಪ. ಸ್ಟೀರಿಂಗ್ ಹಿಡಿಯುವವರಿಗೆ ಬರೀ ಕಾಫಿ ಕೊಡಿ. ಗೊತ್ತಿಲ್ಲದೆ ಲಿಕ್ಯೂರ್ ಸೇರಿಬಿಟ್ಟಿದ್ದರೆ ಜಗಲಿಯಲ್ಲಿ ಹಾಸಿಗೆ ಹಾಸಿ, ಬೆಳಿಗ್ಗೆ ತಿಂಡಿ ಕೊಟ್ಟೇ ಕಳಿಸಿ.