ಕೊಳೆ ತೆಗೆದರೆ ಬೆಲ್ಲಕ್ಕೆ ಬೆಲೆ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಲೆಮನೆಗಳಲ್ಲಿ ತಯಾರಾಗುವ ಬೆಲ್ಲದ ಬೆಲೆ ಬಹುಮಟ್ಟಿಗೆ ಅದರ ಬಣ್ಣವನ್ನು ಅವಲಂಬಿಸಿದೆ. ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಪುಡಿಯನ್ನು ಅಳತೆಯಿಲ್ಲದೆ ಹಾಕುವ ರೂಢಿಯುಂಟು. ಈ ಪುಡಿ ಬಣ್ಣವನ್ನು ಬಿಳಿಚಿಸುತ್ತದೆಯೇ ಹೊರತು ಕೊಳೆಯನ್ನು ತೆಗೆಯುವುದಿಲ್ಲ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಲದೆ, ಬೆಲ್ಲದಲ್ಲಿ ಗಂಧಕದ ಡೈ ಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗವನ್ನು ಮೀರಕೂಡದು. ಕೊಳೆಯನ್ನು ಸಕಾಲದಲ್ಲಿ ತೆಗೆಯುವುದೇ ಇದಕ್ಕೆ ಸರಿಯಾದ ಪರಿಹಾರ.

ಕೊಳೆ ಮೇಲೇಳುವ ಬಗೆ

ಕಬ್ಬಿನ ಹಾಲಿನಲ್ಲಿ ಸಕ್ಕರೆಯೊಡನೆ ಸಸಾರಜನಕ, ಅಂಟು, ಮೇಣ, ಬಣ್ಣದ ವಸ್ತುಗಳು ಹಾಗೂ ಸಿಪ್ಪೆಯ ನವಿರು ಚೂರುಗಳಿರುತ್ತವೆ. ಹಾಲು ಕಾದಂತೆ ಸಸಾರಜನಕ ಹೆಪ್ಪುಗಟ್ಟಿ ಇತರ ಕಲ್ಮಶಗಳನ್ನು ಹಿಡಿದುಕೊಳ್ಳುತ್ತದೆ. ಸಣ್ಣ ಗುಳ್ಳೆಗಳು ಅದನ್ನು ಮೇಲಕ್ಕೆ ಎತ್ತುತ್ತವೆ. ಕಡಲ ಮೀನು ಸಾಕುವ ಗಾಜಿನ ತೊಟ್ಟಿಗಳಲ್ಲಿ ಗಾಳಿಗುಳ್ಳೆ ಹಾಯಿಸಿ ಕಲ್ಮಶವನ್ನು ನೊರೆಯಾಗಿ ತೆಗೆಯುವುದೂ ಬಹುಪಾಲು ಇದೇ ತತ್ತ್ವದಿಂದ. ಎರಡೂ ಕಡೆ ನಿಯಮ ಒಂದೇ: ಮೇಲೆ ಬಂದ ನೊರೆಯನ್ನು ಅದು ಒಡೆಯುವ ಮೊದಲೇ ಹೊರತೆಗೆಯಬೇಕು.

ಹೊಲದಲ್ಲಿ ಗಮನಿಸಬೇಕಾದುದು

ಸಾರಜನಕ ಗೊಬ್ಬರವನ್ನು ಅತಿಯಾಗಿ ಅಥವಾ ತಡವಾಗಿ ಕೊಟ್ಟರೆ ಹಾಲಿನಲ್ಲಿ ಸಕ್ಕರೆಯಲ್ಲದ ಅಂಶಗಳು ಹೆಚ್ಚುತ್ತವೆ. ಚೆನ್ನಾಗಿ ಮಾಗಿದ ಕಬ್ಬನ್ನೇ ಕಡಿದು, ಎಳೆಯ ತುದಿ, ಬೇರು ಮತ್ತು ಮಣ್ಣನ್ನು ತೆಗೆದುಹಾಕಿ, 24 ಗಂಟೆಯೊಳಗೆ ಗಾಣಕ್ಕೆ ಕೊಡಬೇಕು.

ಕೊಪ್ಪರಿಗೆಯಲ್ಲಿ ಅನುಸರಿಸಬೇಕಾದ ಕ್ರಮ

1. ಹಾಲನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಹೊತ್ತು ತಿಳಿಯಲು ಬಿಡಿ. ಹೆಚ್ಚು ಹೊತ್ತು ಇಟ್ಟರೆ ಹುಳಿಯುತ್ತದೆ.

2. ಹಸಿ ಬೆಂಡೆ ಗಿಡದ ಕಾಂಡ ಮತ್ತು ಬೇರನ್ನು ಜಜ್ಜಿ, ನೀರಿನಲ್ಲಿ ನೆನೆಸಿ, ಕಿವುಚಿ ಲೋಳೆಯನ್ನು ಸೋಸಿಕೊಳ್ಳಿ. ಹಾಲು ಬೆಚ್ಚಗಾದಾಗ ಸ್ವಲ್ಪ, ಮೊದಲ ಕೊಳೆ ತೆಗೆದ ಮೇಲೆ ಉಳಿದದ್ದನ್ನು ಸೇರಿಸಿ.

3. ತಿಳಿ ಸುಣ್ಣದ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ರಸಸಾರವನ್ನು 6.0ರಿಂದ 6.4ರ ನಡುವೆ ಇರಿಸಿ. ಪರೀಕ್ಷಾ ಕಾಗದದಿಂದ ನೋಡಿಕೊಳ್ಳಬಹುದು. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.

4. ಶಾಖ ಸುಮಾರು 85 ಡಿಗ್ರಿ ಸೆಂಟಿಗ್ರೇಡ್ ತಲುಪಿದಾಗ ಕೊಳೆ ದಪ್ಪ ಪದರವಾಗಿ ಕಟ್ಟುತ್ತದೆ. ಆಗ ಒಲೆಗೆ ಸಿಪ್ಪೆ ಹಾಕುವುದನ್ನು ತಗ್ಗಿಸಿ, ಹಾಲನ್ನು ಕಲಕದೆ ಜಾಲರಿ ಸೌಟಿನಿಂದ ಅಂಚಿಗೆ ಎಳೆದು ತೆಗೆಯಿರಿ. ಕೊತಕೊತನೆ ಕುದಿಯಲು ಬಿಟ್ಟರೆ ಪದರ ಒಡೆದು ಕೊಳೆ ಮತ್ತೆ ಹಾಲಿಗೆ ಬೆರೆಯುತ್ತದೆ. ಆಮೇಲೆ ಅದನ್ನು ತೆಗೆಯುವುದು ಕಷ್ಟ.

5. ಕೊಳೆ ಏಳುವುದು ನಿಂತ ನಂತರವೇ ಉರಿ ಹೆಚ್ಚಿಸಿ. ಪಾಕ ಸುಮಾರು 118 ಡಿಗ್ರಿ ತಲುಪಿದಾಗ ಇಳಿಸಿ. ತಣ್ಣೀರಿಗೆ ಬಿಟ್ಟ ಪಾಕ ಉಂಡೆಗಟ್ಟುವುದೂ ಇದರ ಗುರುತು.

ತೆಗೆದ ಕೊಳೆಯೊಡನೆ ಬರುವ ಹಾಲನ್ನು ಬಟ್ಟೆಯಲ್ಲಿ ಬಸಿದು, ಹುಳಿಯುವ ಮೊದಲೇ ಮುಂದಿನ ಕೊಪ್ಪರಿಗೆಗೆ ಸೇರಿಸಬಹುದು. ಉಳಿದ ಕೊಳೆಯನ್ನು ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ.

ಈ ಕ್ರಮದಿಂದ ಬರುವ ಬೆಲ್ಲ ಹೈಡ್ರೋಸ್ ಹಾಕಿದ್ದರಷ್ಟು ಬೆಳ್ಳಗಿರದೆ ಹೊಂಬಣ್ಣಕ್ಕಿರುತ್ತದೆ. ರೈತ ಬಾಂಧವರು ಮೊದಲು ಒಂದೆರಡು ಕೊಪ್ಪರಿಗೆಯಲ್ಲಿ ಇದನ್ನು ಮಾಡಿ, ಆ ಅಚ್ಚುಗಳನ್ನು ಬೇರೆಯಾಗಿಟ್ಟು, ಮಳೆಗಾಲ ಕಳೆದ ಮೇಲೆ ಹಳೆಯ ರೀತಿಯ ಬೆಲ್ಲದೊಡನೆ ಹೋಲಿಸಿ ನೋಡುವುದು ಒಳ್ಳೆಯದು.